ಶನಿವಾರದ ಆಟ, ಭಾನುವಾರದ ನಸುಕು: ನಮ್ಮೂರಲ್ಲಿ ಕೂತು ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವ ಬಗೆ

ಆಗಸ್ಟ್ ಮುಗಿಯುತ್ತಿದ್ದಂತೆ ಸಿಂಧನೂರು, ಗಂಗಾವತಿ, ಬಳ್ಳಾರಿಯ ಎಷ್ಟೋ ಮನೆಗಳ ವಾಟ್ಸ್‌ಆ್ಯಪ್‌ಗೆ ಒಂದೇ ಬಗೆಯ ಫೋಟೊ ಬರತೊಡಗುತ್ತದೆ. ಎಂಎಸ್ ಮಾಡಲು ಹೋದ ಮಗನೋ ಮಗಳೋ, ಮೈಮೇಲೆ ಕಾಲೇಜಿನ ಬಣ್ಣದ ಟೀ ಶರ್ಟು, ಹಿಂದೆ ಕಣ್ಣು ಹಾಯುವವರೆಗೂ ಅದೇ ಬಣ್ಣದ ಜನ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಆಸನಗಳಿವೆ. 2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷದ ಮೇಲೆ ಚಿಲ್ಲರೆ. ಊರಿನ ಕಾಲುಭಾಗ ಒಂದೇ ಮೈದಾನದಲ್ಲಿ ಬಂದು ಕೂತರೆ ಹೇಗೋ ಹಾಗೆ. ಫೋಟೊ ನೋಡಿದ ಮೇಲೆ ಮನೆಯವರು ಕೇಳುವುದು ಇಷ್ಟೇ: ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಅಮೆರಿಕನ್ ಫುಟ್‌ಬಾಲ್ ನಮಗೂ ಇಲ್ಲಿ ಕಾಣುತ್ತದಾ?

ಎಲ್ಲ ಪಂದ್ಯ ಕಾಣುವುದಿಲ್ಲ, ಆದರೆ ಒಂದು ತಂಡವನ್ನು ಸೀಸನ್ನಿನ ಉದ್ದಕ್ಕೂ ಹಿಂಬಾಲಿಸಲು ಬೇಕಾದಷ್ಟು ದಾರಿ ಇದೆ. ಬಹಳ ಮಂದಿ ಇದನ್ನು ನೆಟ್ ವೇಗದ ಸಮಸ್ಯೆ ಎಂದುಕೊಂಡು ದೊಡ್ಡ ಪ್ಲಾನ್ ಹಾಕಿಸುತ್ತಾರೆ. ನಿಜವಾಗಿ ಕೈಕೊಡುವುದು ಎರಡು: ಗಡಿಯಾರದ ಲೆಕ್ಕ ಮತ್ತು ಪ್ರಸಾರದ ಹಕ್ಕು. ಇವೆರಡನ್ನೂ ಗುರುವಾರ ಸಂಜೆ ಅರ್ಧ ಗಂಟೆ ಕೂತು ನೋಡಿಟ್ಟುಕೊಳ್ಳಬೇಕು. ಶನಿವಾರ ರಾತ್ರಿ ಟಿವಿ ಮುಂದೆ ಕೂತ ಮೇಲೆ ಹುಡುಕತೊಡಗಿದರೆ ಪಂದ್ಯದ ಮೊದಲರ್ಧ ಪಾಸ್‌ವರ್ಡ್ ಹಾಕುವುದರಲ್ಲೇ ಮುಗಿಯುತ್ತದೆ.

ಅದಕ್ಕೂ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ಮಕ್ಕಳು ಓದುವ ಕಾಲೇಜಿಗೆ ಫುಟ್‌ಬಾಲ್ ತಂಡ ಇದೆಯಾ? ನಮ್ಮ ಕಡೆಯ ಬಹಳಷ್ಟು ಹುಡುಗರು ಹೋಗುವ ಯೂನಿವರ್ಸಿಟಿ ಆಫ್ ಟೆಕ್ಸಸ್ ಅಟ್ ಡಲ್ಲಾಸ್‌ಗೆ ತಂಡವೇ ಇಲ್ಲ. ಪಕ್ಕದ ಆರ್ಲಿಂಗ್ಟನ್‌ನಲ್ಲಿ 1985ರ ಸೀಸನ್ ಆದಮೇಲೆ ನಿಲ್ಲಿಸಿದರು. ಟಿವಿಯಲ್ಲಿ ಬರೀ ‘ಟೆಕ್ಸಸ್’ ಎಂದು ಕಂಡರೆ ಅದು ಆಸ್ಟಿನ್‌ನ ತಂಡ. ಟೆಕ್ಸಸ್ ಎ ಆ್ಯಂಡ್ ಎಂ, ಟೆಕ್ಸಸ್ ಟೆಕ್ ಬೇರೆ ಬೇರೆ. ಹೆಸರಿನ ಈ ಗೊಂದಲದಲ್ಲಿ ಯಾರದೋ ತಂಡಕ್ಕೆ ರಾತ್ರಿಯಿಡೀ ಚಪ್ಪಾಳೆ ಹೊಡೆಯುವುದು ಬೇಡ.

ಇನ್ನೊಂದು ತಪ್ಪು ದುಡ್ಡಿನದು. ‘ಅಮೆರಿಕನ್ ಫುಟ್‌ಬಾಲ್’ ಎಂದು ಹುಡುಕಿದರೆ ಮೊದಲು ಸಿಗುವುದು ಎನ್‌ಎಫ್‌ಎಲ್. ಅದು ವೃತ್ತಿಪರರ ಲೀಗ್, ಹೆಚ್ಚಾಗಿ ಅಲ್ಲಿಯ ಭಾನುವಾರ ಆಡುತ್ತಾರೆ. ಕಾಲೇಜಿನದು ಶನಿವಾರ. ಎನ್‌ಎಫ್‌ಎಲ್ ಗೇಮ್ ಪಾಸ್ ಕೊಂಡವರಿಗೆ ಕಾಲೇಜಿನ ಪಂದ್ಯ ಸಿಗುವುದಿಲ್ಲ. ಎರಡರ ಹಕ್ಕುಗಳೂ ಬೇರೆ, ಮಾರುವವರೂ ಬೇರೆ.

ಈಗ ಗಡಿಯಾರ. ಅಮೆರಿಕದ ಟಿವಿಗಳು ಸಮಯ ಹೇಳುವುದು ಈಸ್ಟರ್ನ್ ಟೈಮಿನಲ್ಲಿ, ಅಂದರೆ ನ್ಯೂಯಾರ್ಕ್ ಗಡಿಯಾರದಲ್ಲಿ. ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ನಾವು ಅವರಿಗಿಂತ ಒಂಬತ್ತೂವರೆ ಗಂಟೆ ಮುಂದೆ. ಅವರ ಶನಿವಾರ ಮಧ್ಯಾಹ್ನ 12ರ ಪಂದ್ಯ ನಮಗೆ ಶನಿವಾರ ರಾತ್ರಿ 9:30. ಮಧ್ಯಾಹ್ನ 3:30ರದು ನಮಗೆ ರಾತ್ರಿ 1. ಸಂಜೆ 7:30ರದು ಭಾನುವಾರ ನಸುಕಿನ 5. ರಾತ್ರಿ 10:30ಕ್ಕೆ ಶುರುವಾಗುವ ಪಶ್ಚಿಮ ಕರಾವಳಿಯ ಪಂದ್ಯ ನಮಗೆ ಬೆಳಗಿನ 8. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲಿನ ಪಂದ್ಯಗಳಿಗೆ ಅಂತರ ಹತ್ತೂವರೆ ಗಂಟೆ: 9:30ರದು 10:30, 1ರದು 2, 5ರದು 6, 8ರದು 9. ಸೆಪ್ಟೆಂಬರ್‌ನಲ್ಲಿ ಇಟ್ಟ ಅಲಾರಾಂ ನವೆಂಬರ್‌ನಲ್ಲೂ ಹಾಗೇ ಇದ್ದರೆ ಒಂದು ಗಂಟೆ ಸುಮ್ಮನೆ ಕಾಯಬೇಕಾಗುತ್ತದೆ. ಆ ವಾರ ಅಲಾರಾಂ ಬದಲಿಸಿ.

ಕಾಲೇಜಿನ ವೆಬ್‌ಸೈಟಿನಲ್ಲಿ ಮಾತ್ರ ಸಾಮಾನ್ಯವಾಗಿ ಆ ಊರಿನ ಸಮಯ ಬರೆದಿರುತ್ತಾರೆ. ಟೆಕ್ಸಸ್ ತಂಡದವರು 2:30 ಎಂದರೆ ಅದು ಸೆಂಟ್ರಲ್ ಟೈಮ್, ಟಿವಿಯವರ 3:30 ಕೂಡ ಅದೇ. ಸೆಂಟ್ರಲ್‌ಗೆ ಹತ್ತೂವರೆ, ಕ್ಯಾಲಿಫೋರ್ನಿಯಾ ಕಡೆಯ ಪೆಸಿಫಿಕ್‌ಗೆ ಹನ್ನೆರಡೂವರೆ ಗಂಟೆ ಸೇರಿಸಿಕೊಳ್ಳಿ. ನವೆಂಬರ್ ಆದಮೇಲೆ ಇನ್ನೊಂದು ಗಂಟೆ. ಅರಿಜೋನಾ ಸ್ಟೇಟ್ ತಂಡದ ಊರು ಟೆಂಪಿಯಲ್ಲಿ ಈ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲ, ವರ್ಷವಿಡೀ ಹನ್ನೆರಡೂವರೆ ಗಂಟೆಯೇ. ಅಲ್ಲಿ ಸಂಜೆ 7:30 ಎಂದರೆ ನಮಗೆ ಯಾವಾಗಲೂ ಮರುದಿನ ಬೆಳಿಗ್ಗೆ 8. ಇಡೀ ಶನಿವಾರದ ಕೊನೆಯ ಪಂದ್ಯ ಹೆಚ್ಚಾಗಿ ಹವಾಯಿಯದು. ಹೊನೊಲುಲುವಿನಲ್ಲಿ ಸಂಜೆ 6ಕ್ಕೆ ಶುರುವಾದರೆ ಇಲ್ಲಿ ಭಾನುವಾರ ಬೆಳಿಗ್ಗೆ 9:30. ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತ ಆರಾಮಾಗಿ ನೋಡಬಹುದಾದ ಸಮಯ ಅದೊಂದೇ.

ವೇಳಾಪಟ್ಟಿಯಲ್ಲಿ ಸಮಯದ ಜಾಗದಲ್ಲಿ ‘ಟಿಬಿಎ’ ಎಂದಿದ್ದರೆ ಹೆದರಬೇಡಿ. ಸೀಸನ್ ಶುರುವಾಗುವ ಮೊದಲು ಕೆಲವು ವಾರಗಳ ಸಮಯ ಮಾತ್ರ ಗೊತ್ತಾಗಿರುತ್ತದೆ. ಉಳಿದದ್ದನ್ನು ಟಿವಿ ವಾಹಿನಿಗಳು ಪಂದ್ಯಕ್ಕೆ 12 ದಿನ ಮೊದಲು ಆರಿಸುತ್ತವೆ. ಕೆಲವನ್ನು 6 ದಿನದವರೆಗೂ ಹಿಡಿದಿಟ್ಟುಕೊಳ್ಳುತ್ತವೆ, ಯಾವ ತಂಡ ಗೆಲ್ಲುತ್ತಾ ಬಂದಿದೆ ಎಂದು ನೋಡಿ ಒಳ್ಳೆಯ ಪಂದ್ಯವನ್ನು ಒಳ್ಳೆಯ ಹೊತ್ತಿಗೆ ಹಾಕಲಿಕ್ಕೆ. ಗುರುವಾರ ನೋಡಿ ಎಂದದ್ದಕ್ಕೆ ಇದೂ ಒಂದು ಕಾರಣ, ಅಷ್ಟೊತ್ತಿಗೆ ಎಲ್ಲ ನಿಕ್ಕಿಯಾಗಿರುತ್ತದೆ.

ರಾತ್ರಿ ನಿದ್ದೆ ಕೆಡಿಸಿಕೊಳ್ಳಲು ಮನಸ್ಸಿಲ್ಲದವರಿಗೆ ನಮ್ಮ ಸಲಹೆ ನೇರವಾದದ್ದು: ಮಧ್ಯಾಹ್ನ 12ರ ಪಂದ್ಯ ಅಥವಾ ಸಂಜೆ 7:30ರ ಪಂದ್ಯ ಆರಿಸಿಕೊಳ್ಳಿ, ನಡುವಿನ 3:30ರದನ್ನು ಬಿಟ್ಟುಬಿಡಿ. ರಾತ್ರಿ 1ರಿಂದ 4:30ರವರೆಗೆ ಎದ್ದಿದ್ದರೆ ಹಿಂದಿನ ದಿನವೂ ಹೋಯಿತು, ಮರುದಿನವೂ ಹೋಯಿತು. ನಸುಕಿನ 5ಕ್ಕೆ ಏಳುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಹಾಲು ಬರುವ ಹೊತ್ತಿಗೆ ಎರಡನೇ ಕ್ವಾರ್ಟರ್, ಚಹಾ ಮುಗಿಯುವ ಹೊತ್ತಿಗೆ ಹಾಫ್ ಟೈಮ್. ನವೆಂಬರ್‌ನಲ್ಲಿ ಮಿಡ್-ಅಮೆರಿಕನ್ ಕಾನ್ಫರೆನ್ಸಿನ ತಂಡಗಳು ಮಂಗಳವಾರ, ಬುಧವಾರ ರಾತ್ರಿಯೂ ಆಡುತ್ತವೆ. ಅವು ನಮಗೆ ಬುಧವಾರ, ಗುರುವಾರ ಬೆಳಿಗ್ಗೆ ಐದೂವರೆ, ಆರರ ಸುಮಾರಿಗೆ ಬರುತ್ತವೆ. ದೊಡ್ಡ ಹೆಸರಿನ ತಂಡಗಳಲ್ಲ, ಆದರೆ ಕೊನೆಯ ನಿಮಿಷದವರೆಗೂ ಬಿಡದೆ ಆಡುತ್ತಾರೆ.

ಹಕ್ಕಿನ ವಿಷಯ ಸ್ವಲ್ಪ ಜಟಿಲ, ನಿಧಾನಕ್ಕೆ ಓದಿ. ಪ್ರಸಾರದ ಹಕ್ಕು ಮಾರಾಟವಾಗುವುದು ಹೆಚ್ಚಾಗಿ ಕಾನ್ಫರೆನ್ಸ್ ಲೆಕ್ಕದಲ್ಲಿ. ಕಾನ್ಫರೆನ್ಸ್ ಎಂದರೆ ಒಟ್ಟಿಗೆ ಆಡುವ ವಿಶ್ವವಿದ್ಯಾಲಯಗಳ ಗುಂಪು. 2025ರಲ್ಲಿ ಮೇಲಿನ ದರ್ಜೆಯಲ್ಲಿ 136 ತಂಡಗಳಿದ್ದವು. ಟೆಕ್ಸಸ್ ಎ ಆ್ಯಂಡ್ ಎಂ, ಅಲಬಾಮಾ ಇರುವ ಎಸ್‌ಇಸಿಯ ಪಂದ್ಯಗಳು 2024ರಿಂದ ಎಬಿಸಿ ಮತ್ತು ಇಎಸ್‌ಪಿಎನ್ ವಾಹಿನಿಗಳ ಬಳಗದಲ್ಲಿ. ಓಹಾಯೊ ಸ್ಟೇಟ್, ಮಿಷಿಗನ್ ಇರುವ ಬಿಗ್ ಟೆನ್‌ನದು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂವರಲ್ಲಿ ಹಂಚಿಹೋಗಿದೆ. ಅರಿಜೋನಾ ಸ್ಟೇಟ್ 2024ರಲ್ಲಿ ಬಿಗ್ 12ಕ್ಕೆ ಸೇರಿತು, ಅದರ ಮುಖ್ಯ ಪಾಲುದಾರರು ಇಎಸ್‌ಪಿಎನ್ ಮತ್ತು ಫಾಕ್ಸ್. ನೋಟರ್ ಡೇಮ್ ಯಾವ ಕಾನ್ಫರೆನ್ಸಿಗೂ ಸೇರದೆ ತನ್ನ ಊರಿನ ಪಂದ್ಯಗಳನ್ನು 1991ರಿಂದ ಎನ್‌ಬಿಸಿಗೆ ಕೊಡುತ್ತಾ ಬಂದಿದೆ. ಬೇರೆ ಬೇರೆ ಕಾನ್ಫರೆನ್ಸಿನ ಎರಡು ತಂಡ ಆಡಿದರೆ ಸಾಮಾನ್ಯವಾಗಿ ಯಾರ ಊರಿನಲ್ಲಿ ಪಂದ್ಯವೋ ಅವರ ವಾಹಿನಿಯೇ ತೋರಿಸುತ್ತದೆ. ಹಾಗಾಗಿ ಒಂದೇ ತಂಡದ ಪಂದ್ಯ ಈ ವಾರ ಒಂದು ಕಡೆ, ಬರುವ ವಾರ ಇನ್ನೊಂದು ಕಡೆ.

ಇವೆಲ್ಲ ಅಮೆರಿಕದೊಳಗಿನ ಹಕ್ಕುಗಳು. ಹೊರದೇಶದ ಹಕ್ಕು ಬೇರೆ ಒಪ್ಪಂದ, ದೇಶದಿಂದ ದೇಶಕ್ಕೆ, ಸೀಸನ್ನಿನಿಂದ ಸೀಸನ್ನಿಗೆ ಬದಲಾಗುತ್ತದೆ. ಹೋದ ವರ್ಷ ಯಾರೋ ನೋಡಿದ್ದರಂತೆ ಎಂಬ ಮಾತಿನ ಮೇಲೆ ದುಡ್ಡು ಹಾಕಬೇಡಿ. ಗುರುವಾರ ಹೀಗೆ ಮಾಡಿ: ಕಾಲೇಜಿನ ಅಥ್ಲೆಟಿಕ್ಸ್ ಪುಟದ ವೇಳಾಪಟ್ಟಿಯಲ್ಲಿ ಈ ವಾರದ ಪಂದ್ಯ ತೆರೆದು ಯಾವ ವಾಹಿನಿ ಎಂದು ನೋಡಿ. ಆಮೇಲೆ ಭಾರತದಲ್ಲಿ ಆ ಪಂದ್ಯ ತೋರಿಸಬಹುದೆಂದು ನಿಮಗೆ ಅನ್ನಿಸುವ ಸೇವೆಗಳ ಆ್ಯಪ್ ಅಥವಾ ಸೈಟ್ ತೆರೆದು, ದುಡ್ಡು ಕಟ್ಟದೆ, ಶನಿವಾರ–ಭಾನುವಾರದ ವೇಳಾಪಟ್ಟಿಯಲ್ಲಿ ಎರಡೂ ತಂಡದ ಹೆಸರು ಇದೆಯೇ ನೋಡಿ. ಕ್ರೀಡೆಯ ಹೆಸರೋ ವಾಹಿನಿಯ ಲೋಗೋವೋ ಇದ್ದರೆ ಸಾಲದು, ಪಂದ್ಯದ ಹೆಸರೇ ಇರಬೇಕು. ಪಕ್ಕದಲ್ಲಿ ‘ಲೈವ್’ ಎಂದಿದೆಯೋ ‘ರಿಪ್ಲೇ’ ಎಂದಿದೆಯೋ ಅದನ್ನೂ ನೋಡಿ. ಕಾನ್ಫರೆನ್ಸಿನ ಸ್ವಂತ ಸೇವೆಗಳಲ್ಲಿ ವಾಲಿಬಾಲ್, ಸಾಕರ್, ಕುಸ್ತಿ ಎಲ್ಲ ಲೈವ್ ಇದ್ದು ಫುಟ್‌ಬಾಲ್ ಮಾತ್ರ ಇಲ್ಲದಿರುವುದು ಸಾಮಾನ್ಯ. ಏಕೆಂದರೆ ಅದು ದೊಡ್ಡ ವಾಹಿನಿಗಳಿಗೆ ಮಾರಿಹೋಗಿರುತ್ತದೆ. ಪಂದ್ಯದ ಹೆಸರೂ ಇದ್ದು ಪಕ್ಕದಲ್ಲಿ ‘ಲೈವ್’ ಎಂದೂ ಇದ್ದರೆ ಒಂದು ತಿಂಗಳಿಗೆ ಮಾತ್ರ ಕಟ್ಟಿ, ವರ್ಷದ್ದು ಬೇಡವೇ ಬೇಡ. ಆಟ ಇರುವುದೇ ಐದು ತಿಂಗಳು.

‘ಮಗನ ಲಾಗಿನ್ ಐತಲ್ಲ, ಅದನ್ನ ಹಾಕಿದ್ರ ಆತು’ ಎನ್ನುವವರು ಬಹಳ. ಆಗುವುದಿಲ್ಲ. ಅಲ್ಲಿ ಜನ ಹೆಚ್ಚಾಗಿ ಬಳಸುವ ಯೂಟ್ಯೂಬ್ ಟಿವಿ ಅಮೆರಿಕದ ಹೊರಗೆ ತೆರೆದುಕೊಳ್ಳುವುದಿಲ್ಲ. ಅದರಲ್ಲಿ ಅವನು ರೆಕಾರ್ಡ್ ಮಾಡಿಟ್ಟ ಪಂದ್ಯವೂ ಇಲ್ಲಿಂದ ಕಾಣದು. ಸೇವೆಯವರು ಸ್ಥಳ ಗುರುತಿಸುವುದು ಪಾಸ್‌ವರ್ಡಿನಿಂದ ಅಲ್ಲ, ನಿಮ್ಮ ಇಂಟರ್‌ನೆಟ್ ಸಂಪರ್ಕದ ಐಪಿ ವಿಳಾಸದಿಂದ. ಫೋನಿನಲ್ಲಾದರೆ ಜಿಪಿಎಸ್‌ನಿಂದ, ದುಡ್ಡು ಕಟ್ಟುವಾಗ ಕಾರ್ಡಿನ ದೇಶದಿಂದಲೂ. ಪ್ಲೇ ಸ್ಟೋರಿನಲ್ಲಿ ಆ ಆ್ಯಪ್ ಹುಡುಕಿದರೂ ಸಿಗದಿರುವುದು ನಿಮ್ಮ ಖಾತೆಯ ದೇಶ ಭಾರತ ಆಗಿರುವುದಕ್ಕೆ. ದೇಶ ಬದಲಿಸಲು ಹೋಗಬೇಡಿ, ಒಮ್ಮೆ ಬದಲಿಸಿದರೆ ಮತ್ತೆ ಬದಲಿಸಲು ಒಂದು ವರ್ಷ ಕಾಯಬೇಕು. ಮೊದಲು ಸ್ಲಿಂಗ್‌ಬಾಕ್ಸ್ ಎಂಬ ಪೆಟ್ಟಿಗೆ ಇತ್ತು, ಮನೆಯ ಟಿವಿಯ ಚಿತ್ರವನ್ನು ಲೋಕದ ಯಾವ ಮೂಲೆಗಾದರೂ ಕಳಿಸುತ್ತಿತ್ತು. ಅದರ ಸರ್ವರ್‌ಗಳು 2022ರ ನವೆಂಬರ್ 9ರಂದು ನಿಂತವು. ಹಳೆಯ ಸಾಮಾನಿನ ಅಂಗಡಿಯಲ್ಲಿ ಕಂಡರೆ ಕೊಳ್ಳಬೇಡಿ.

ನೀವು ಬೇರೆ ದೇಶದಲ್ಲಿರುವಂತೆ ತೋರಿಸುವ ವಿಪಿಎನ್ ಬಗ್ಗೆಯೂ ಹೇಳಲೇಬೇಕು. ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧವಲ್ಲ. ಆದರೆ ಸ್ಥಳ ಮರೆಮಾಚಿ ನೋಡುವುದನ್ನು ಈ ಸೇವೆಗಳ ನಿಯಮಗಳು ಒಪ್ಪುವುದಿಲ್ಲ, ಗೊತ್ತಾದರೆ ಖಾತೆ ಮುಚ್ಚಬಹುದು. ಮಗನ ಹೆಸರಿನ ಖಾತೆ ಎಂದರೆ ತೊಂದರೆ ಅವನಿಗೆ. ಉಚಿತ ವಿಪಿಎನ್‌ಗಳಂತೂ ವಿಡಿಯೊಕ್ಕೆ ಸಾಲುವಷ್ಟು ವೇಗ ಕೊಡುವುದೇ ಇಲ್ಲ, ನಿಮ್ಮ ಮಾಹಿತಿ ಯಾರ ಕೈಗೆ ಹೋಗುತ್ತದೋ ಅದೂ ತಿಳಿಯದು. ‘ಎಲ್ಲ ಪಂದ್ಯ ಉಚಿತ’ ಎಂದು ಟೆಲಿಗ್ರಾಂನಲ್ಲಿ ಓಡಾಡುವ ಎಪಿಕೆ ಫೈಲುಗಳನ್ನು ಫೋನಿಗೆ ಹಾಕಲೇಬೇಡಿ. ಎಸ್‌ಎಂಎಸ್ ಓದುವ ಅನುಮತಿ ಕೇಳಿತೆಂದರೆ ಅದಕ್ಕೆ ಬೇಕಾದದ್ದು ನಿಮ್ಮ ಓಟಿಪಿ, ಫುಟ್‌ಬಾಲ್ ಅಲ್ಲ. ದುಡ್ಡು ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಅಡ್ಡಿ ಇರುವಾಗ ನಮಗೆ ಎಲ್ಲಕ್ಕಿಂತ ನಂಬಿಕೆಯ ದಾರಿ ಎನಿಸಿರುವುದು ರೇಡಿಯೊ. ಪ್ರತಿ ದೊಡ್ಡ ತಂಡಕ್ಕೂ ತನ್ನದೇ ವೀಕ್ಷಕ ವಿವರಣೆಯ ತಂಡವಿದೆ, ದಶಕಗಳಿಂದ ಒಂದೇ ದನಿ ಕೇಳುತ್ತಾ ಬಂದ ಊರುಗಳಿವೆ. ವಾರ್ಸಿಟಿ ನೆಟ್‌ವರ್ಕ್ ಎಂಬ ಉಚಿತ ಆ್ಯಪ್‌ನಲ್ಲಿ ಬಹಳಷ್ಟು ಕಾಲೇಜುಗಳ ನೇರ ಆಡಿಯೊ ಬರುತ್ತದೆ. ಅದು ಸಿಗದಿದ್ದರೆ ಕಾಲೇಜಿನ ಪುಟದಲ್ಲಿ ‘ಲಿಸನ್’ ಗುಂಡಿ ಹುಡುಕಿ. ಆಡಿಯೊಗೆ ವಿಡಿಯೊದಷ್ಟು ಬಿಗಿಯಾದ ದೇಶದ ನಿರ್ಬಂಧ ಸಾಮಾನ್ಯವಾಗಿ ಇರುವುದಿಲ್ಲ. ಗಂಟೆಗೆ 60 ಎಂಬಿಯ ಆಸುಪಾಸು ಡೇಟಾ ಸಾಕು, ಇಡೀ ಪಂದ್ಯಕ್ಕೆ 200 ಎಂಬಿ ಚಿಲ್ಲರೆ. ಹೊಲದಲ್ಲಿದ್ದರೂ, ಬಸ್ಸಿನಲ್ಲಿದ್ದರೂ ಕೇಳುತ್ತದೆ. ಜೊತೆಗೆ ಇಎಸ್‌ಪಿಎನ್ ಸೈಟಿನಲ್ಲಿ ಆ ಪಂದ್ಯದ ಪುಟ ತೆರೆದಿಟ್ಟುಕೊಂಡರೆ ಚೆಂಡು ಎಲ್ಲಿದೆ, ಹಿಂದಿನ ಆಟದಲ್ಲಿ ಏನಾಯಿತು ಎಂದು ಒಂದೊಂದೇ ಸಾಲಾಗಿ ಬರುತ್ತಿರುತ್ತದೆ.

ರೇಡಿಯೊ ಅರ್ಥವಾಗಲು ಒಂದಿಷ್ಟು ಲೆಕ್ಕ ಬೇಕು, ಅದು ಬಟ್ಟೆ ಅಳೆಯುವವರಿಗೆ ಸುಲಭ. ಯಾರ್ಡ್ ಎಂದರೆ ನಮ್ಮ ಗಜ. ಮೈದಾನ 100 ಗಜ ಉದ್ದ, ಎರಡೂ ತುದಿಗೆ 10 ಗಜದ ಎಂಡ್ ಝೋನ್. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ‘ಡೌನ್’ ಎನ್ನುತ್ತಾರೆ. ‘ಥರ್ಡ್ ಆ್ಯಂಡ್ ಫೋರ್, ಅಟ್ ದಿ ತರ್ಟಿಫೈವ್’ ಎಂದು ಕೇಳಿದರೆ: ಇದು ಮೂರನೇ ಅವಕಾಶ, ಇನ್ನೂ 4 ಗಜ ಬಾಕಿ, ಚೆಂಡು 35ನೇ ಗಜದ ಗೆರೆಯಲ್ಲಿದೆ. ನಾಲ್ಕನೆಯದರಲ್ಲೂ ಆಗದೆಂದು ತೋರಿದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ, ಇಲ್ಲವೇ ಹತ್ತಿರವಿದ್ದರೆ ಕಂಬಗಳ ನಡುವೆ ಒದೆಯುತ್ತಾರೆ. ಒದೆಯುವ ದೂರ ತಿಳಿಯಬೇಕಾದರೆ ಗೆರೆಯ ಅಂಕಿಗೆ 17 ಕೂಡಿಸಿ. ಕಂಬ ಇರುವುದು ಎಂಡ್ ಝೋನಿನ ಹಿಂದಿನ ಗೆರೆಯಲ್ಲಿ, ಅದಕ್ಕೆ 10 ಗಜ. ಚೆಂಡನ್ನು ಹಿಂದಕ್ಕೆ ಎಸೆದು ಊರಿ ಹಿಡಿಯುವುದಕ್ಕೆ 7 ಗಜ. ಎದುರಾಳಿಯ 35ನೇ ಗಜದಲ್ಲಿದ್ದರೆ 52 ಗಜದ ಒದೆತ, ಕಾಲೇಜು ಹುಡುಗರಿಗೆ ಅದು ದೊಡ್ಡ ದೂರ. ಚೆಂಡನ್ನು ಎದುರಾಳಿಯ ಎಂಡ್ ಝೋನಿಗೆ ಒಯ್ದರೆ ಟಚ್‌ಡೌನ್, ಅದಕ್ಕೆ 6 ಅಂಕ, ಆಮೇಲಿನ ಒದೆತಕ್ಕೆ 1, ಒದೆಯದೆ ಮತ್ತೆ ಒಳನುಗ್ಗಿದರೆ 2. ಕಂಬಗಳ ನಡುವೆ ಒದ್ದ ಫೀಲ್ಡ್ ಗೋಲಿಗೆ 3.

ಎನ್‌ಎಫ್‌ಎಲ್ ನೋಡಿ ಬಂದವರಿಗೆ ಗೊಂದಲವಾಗುವ ಜಾಗಗಳೂ ಇವೆ. ಕಾಲೇಜಿನಲ್ಲಿ ಗೆರೆಯೊಳಗೆ ಒಂದು ಕಾಲು ಊರಿ ಚೆಂಡು ಹಿಡಿದರೆ ಸಾಕು. ಓಡುವವನ ಮೊಣಕಾಲು ನೆಲ ಮುಟ್ಟಿದರೆ, ಯಾರೂ ಮುಟ್ಟದಿದ್ದರೂ, ಆಟ ಅಲ್ಲಿಗೆ ನಿಲ್ಲುತ್ತದೆ. ಸಮವಾದರೆ ಎರಡೂ ತಂಡ ಸರದಿಯಲ್ಲಿ 25ನೇ ಗಜದಿಂದ ಆಡುತ್ತವೆ. ಮೂರನೇ ಸುತ್ತಿನಿಂದ ಬರೀ 2 ಅಂಕದ ಪ್ರಯತ್ನಗಳು, ಗೆಲುವು ನಿರ್ಧಾರವಾಗುವವರೆಗೆ.

ಚಿಕ್ಕ ಕಾಲೇಜುಗಳ ಕಡೆ ಯಾರೂ ನೋಡುವುದಿಲ್ಲ, ಅಲ್ಲೇ ಒಳ್ಳೆಯ ಅವಕಾಶ ಇದೆ. ಡಿವಿಷನ್ ಮೂರು ಎಂಬ ದರ್ಜೆಯಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವೇ ಇಲ್ಲ, ಹುಡುಗರು ಪ್ರೀತಿಗೆ ಆಡುತ್ತಾರೆ. ಅಂಥ ಎಷ್ಟೋ ಕಾಲೇಜುಗಳು ತಮ್ಮೂರಿನ ಪಂದ್ಯಗಳನ್ನು ತಮ್ಮದೇ ಸೈಟಿನಲ್ಲಿ ನೇರವಾಗಿ, ಬಹಳ ಕಡೆ ಉಚಿತವಾಗಿ ತೋರಿಸುತ್ತವೆ. ಒಂದೋ ಎರಡೋ ಕ್ಯಾಮೆರಾ, ಮಾತಾಡುವವರು ಹೆಚ್ಚಾಗಿ ವಿದ್ಯಾರ್ಥಿಗಳು. ಆಟ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಒಂದೇ ಎತ್ತರದ ಕ್ಯಾಮೆರಾದಲ್ಲಿ ಇಪ್ಪತ್ತೆರಡು ಮಂದಿಯೂ ಕಾಣುತ್ತಾರೆ, ಯಾರು ಎಲ್ಲಿ ಓಡಿದರು ಎಂದು ತಿಳಿಯುತ್ತದೆ. ಪಂದ್ಯ ಹೆಚ್ಚಾಗಿ ಅವರ ಮಧ್ಯಾಹ್ನ, ಅಂದರೆ ನಮ್ಮ ರಾತ್ರಿ ಹತ್ತರ ಆಜುಬಾಜು.

ಮರುದಿನ ನೋಡಿದರೂ ಸಾಕು ಎನ್ನುವವರಿಗೆ ಯೂಟ್ಯೂಬ್‌ನಲ್ಲಿ ವಾಹಿನಿಗಳ, ಕಾನ್ಫರೆನ್ಸುಗಳ ಹೈಲೈಟ್ಸ್ ಇವೆ. ಕೆಲವು ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂದು ಬರಬಹುದು, ಆಗ ತಂಡದ ಸ್ವಂತ ಚಾನೆಲ್ ನೋಡಿ. ಫಲಿತಾಂಶ ಗೊತ್ತಾಗದಂತೆ ನೋಡಬೇಕಾದರೆ ಹುಡುಕಾಟಕ್ಕೇ ಹೋಗಬೇಡಿ, ಥಂಬ್‌ನೇಲ್‌ನಲ್ಲೇ ಸ್ಕೋರು ಬರೆದಿರುತ್ತಾರೆ. ನೇರ ಪ್ರಸಾರದಲ್ಲೂ ಇದೇ ತೊಂದರೆ. ಇಂಟರ್‌ನೆಟ್ ಮೂಲಕ ಬರುವ ಚಿತ್ರ ಮೈದಾನಕ್ಕಿಂತ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೂ ತಡ. ಸ್ಟೇಡಿಯಂನಲ್ಲಿ ಕೂತ ಮಗಳು ಕುಟುಂಬದ ಗುಂಪಿಗೆ ‘ಟಚ್‌ಡೌನ್’ ಎಂದು ಕಳಿಸುವಾಗ ನಿಮ್ಮ ಟಿವಿಯಲ್ಲಿ ಚೆಂಡು ಇನ್ನೂ ನೆಲದ ಮೇಲೆ ಇರುತ್ತದೆ. ಆ ಗುಂಪನ್ನು ಮೂರೂವರೆ ಗಂಟೆ ಮ್ಯೂಟ್ ಮಾಡಿ, ಹಾಫ್ ಟೈಮಿನಲ್ಲಿ ಕರೆ ಮಾಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಹಾಫ್ ಟೈಮ್ 20 ನಿಮಿಷ, ಬ್ಯಾಂಡಿನವರು ಮೈದಾನಕ್ಕೆ ಇಳಿಯುತ್ತಾರೆ. ಅವಳು ಫೋನ್ ಎತ್ತಿ ಹಿಡಿದರೆ ಆ ಸದ್ದೂ ಕೇಳುತ್ತದೆ.

ಈಗ ಲೈನು, ಡೇಟಾ. ಆಟದ ಗಡಿಯಾರ 60 ನಿಮಿಷವಾದರೂ ಪಂದ್ಯ ಮುಗಿಯಲು ಮೂರೂಕಾಲರಿಂದ ಮೂರೂವರೆ ಗಂಟೆ ಬೇಕು. ಜಾಹೀರಾತು, ಟೈಮ್‌ಔಟ್, ವಿಡಿಯೊ ನೋಡಿ ತೀರ್ಪು, 2024ರಿಂದ ಎರಡೂ ಅರ್ಧದ ಕೊನೆಯಲ್ಲಿ ‘ಎರಡು ನಿಮಿಷದ ಟೈಮ್‌ಔಟ್’ ಬೇರೆ. ಸೆಕೆಂಡಿಗೆ 5 ಮೆಗಾಬಿಟ್ ಚಿತ್ರಕ್ಕೆ ಗಂಟೆಗೆ 2.25 ಜಿಬಿ, ಇಡೀ ಪಂದ್ಯಕ್ಕೆ ಹತ್ತಿರಹತ್ತಿರ 8 ಜಿಬಿ. 3 ಮೆಗಾಬಿಟ್‌ಗೆ ಇಳಿಸಿದರೆ 4.7 ಜಿಬಿ. ಎಬಿಸಿ, ಇಎಸ್‌ಪಿಎನ್, ಫಾಕ್ಸ್ ಮೂಲದಲ್ಲೇ ಪ್ರಸಾರ ಮಾಡುವುದು 720 ಗೆರೆಯ, ಸೆಕೆಂಡಿಗೆ 60 ಚಿತ್ರದ ಗುಣಮಟ್ಟದಲ್ಲಿ. ಹಾಗಾಗಿ ಫೋರ್‌ಕೆ ಹುಡುಕುವುದಕ್ಕಿಂತ 60 ಫ್ರೇಮ್ ಇದೆಯೇ ನೋಡಿ. 30 ಫ್ರೇಮ್‌ನಲ್ಲಿ ಎಸೆದ ಚೆಂಡು ಗಾಳಿಯಲ್ಲಿ ಮಸುಕಾಗಿ ಮಾಯವಾಗುತ್ತದೆ.

ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನ್ ಇದ್ದವರಿಗೆ ಒಂದು ಅನುಕೂಲ ಇದೆ. ಕೋಟಾ ಹೊಸದಾಗುವುದು ರಾತ್ರಿ 12ಕ್ಕೆ. ಪಂದ್ಯ 9:30ಕ್ಕೆ ಶುರುವಾದರೆ ಎರಡು ದಿನದ ಕೋಟಾ ಅದಕ್ಕೇ ಸಿಗುತ್ತದೆ. 480 ಗುಣಮಟ್ಟಕ್ಕೆ ಇಟ್ಟರೆ ಗಂಟೆಗೆ ಮುಕ್ಕಾಲು ಜಿಬಿಗಿಂತ ಕಡಿಮೆ, 12ರವರೆಗಿನ ಎರಡೂವರೆ ಗಂಟೆಗೆ 1.7 ಜಿಬಿ. ಆ ದಿನ ಬೆಳಿಗ್ಗೆಯಿಂದ ರೀಲ್ಸ್ ನೋಡದೆ ಇದ್ದರೆ ಪಂದ್ಯ ನಿಲ್ಲುವುದಿಲ್ಲ. ಗುಣಮಟ್ಟವನ್ನು ‘ಆಟೋ’ ಬಿಟ್ಟರೆ ಮಾತ್ರ ಮೊದಲ ಒಂದು ಗಂಟೆಯಲ್ಲೇ ಎಲ್ಲ ಕರಗಿಹೋಗುತ್ತದೆ.

ಫೈಬರ್ ಇದ್ದವರಲ್ಲಿ ಚಿತ್ರ ನಿಂತು ನಿಂತು ಬರುವುದಕ್ಕೆ ಹೆಚ್ಚಿನ ಸಲ ಕಾರಣ ವೈಫೈ. ಕೊಪ್ಪಳ, ರಾಯಚೂರು ಕಡೆಯ ಹಳೆಯ ಮನೆಗಳ ಕಲ್ಲಿನ ಗೋಡೆ ಒಂದು ಮೊಳ ದಪ್ಪ. ರೂಟರ್ ಪಡಸಾಲೆಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ ಇದ್ದರೆ 5 ಗಿಗಾಹರ್ಟ್ಸ್ ಸಿಗ್ನಲ್ ಆ ಗೋಡೆ ದಾಟುವ ಹೊತ್ತಿಗೆ ಸೋತಿರುತ್ತದೆ. ಒಂದು ಕ್ಯಾಟ್ 5ಇ ಅಥವಾ ಕ್ಯಾಟ್ 6 ವೈರು ಎಳೆದು ಟಿವಿಯ ಲ್ಯಾನ್ ಕಿಂಡಿಗೆ ನೇರ ಹಾಕಿ. ಬಹಳ ಟಿವಿಗಳ ಲ್ಯಾನ್ ಕಿಂಡಿ 100 ಮೆಗಾಬಿಟ್‌ನದೇ, ಅದರ ಹತ್ತನೇ ಒಂದು ಪಾಲೂ ನಮಗೆ ಬೇಕಿಲ್ಲ. ರಾತ್ರಿ 9:30ರಿಂದ 11ರವರೆಗೆ ಊರೆಲ್ಲ ನೆಟ್ ಬಳಸುವ ಹೊತ್ತು, ಆಗ ತಡೆದರೆ ಒಂದು ಮೆಟ್ಟಿಲು ಗುಣಮಟ್ಟ ಇಳಿಸಿ, ಹನ್ನೊಂದರ ಮೇಲೆ ಏರಿಸಿ. ನಸುಕಿನ ಪಂದ್ಯಕ್ಕೆ ಈ ತೊಂದರೆ ಇಲ್ಲ.

ಪೂರ್ತಿ ನಿಂತುಹೋದರೆ ಫೈಬರ್ ಪೆಟ್ಟಿಗೆಯ ದೀಪ ನೋಡಿ. ‘ಎಲ್‌ಒಎಸ್’ ಎಂಬಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಬೆಳಕು ಒಳಗೆ ಬರುತ್ತಿಲ್ಲ, ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದರೂ ಉಪಯೋಗವಿಲ್ಲ. ಹಸಿರು ಪ್ಲಗ್ಗನ್ನು ಒಮ್ಮೆ ತೆಗೆದು ಸರಿಯಾಗಿ ಕೂರಿಸಿ, ಆಗಲೂ ಕೆಂಪಿದ್ದರೆ ಹೊರಗೆಲ್ಲೋ ವೈರು ತುಂಡಾಗಿದೆ ಅಥವಾ ಬಾಗಿದೆ. ನವೆಂಬರ್–ಡಿಸೆಂಬರ್‌ನಲ್ಲಿ ಭತ್ತ ಕೊಯ್ಲಾಗಿ ಹುಲ್ಲಿನ ಟ್ರ್ಯಾಕ್ಟರ್‌ಗಳು ಮೇಲಿನ ವೈರಿಗೆ ತಾಗುವಷ್ಟು ಎತ್ತರ ಹೇರಿಕೊಂಡು ಓಣಿಯಲ್ಲಿ ಬರುವ ಕಾಲ. ಮನೆಮುಂದೆ ಜೋತುಬಿದ್ದ ಫೈಬರ್ ಇದ್ದರೆ ಅಕ್ಟೋಬರ್‌ನಲ್ಲೇ ಕೇಬಲ್‌ನವರಿಗೆ ಹೇಳಿ ಎತ್ತರಕ್ಕೆ ಕಟ್ಟಿಸಿ.

ಕರೆಂಟು ಹೋದಾಗ ಟಿವಿ ಇನ್ವರ್ಟರ್ ಮೇಲೆ ಓಡುತ್ತದೆ, ರೂಟರ್ ಮಾತ್ರ ಬೇರೆ ಸಾಕೆಟ್‌ನಲ್ಲಿದ್ದು ಸತ್ತುಹೋಗುತ್ತದೆ. ಅದನ್ನೂ ಇನ್ವರ್ಟರ್ ಲೈನಿಗೆ ತನ್ನಿ. ಇನ್ವರ್ಟರ್ ಇಲ್ಲದವರು ರೂಟರ್‌ಗೆಂದೇ ಬರುವ ಮಿನಿ ಯುಪಿಎಸ್ ಕೊಳ್ಳಿ. ಕೊಳ್ಳುವ ಮುನ್ನ ಅಡಾಪ್ಟರಿನ ಚೀಟಿ ಓದಿ: ಹೆಚ್ಚಿನವು 12 ವೋಲ್ಟ್, 1 ಅಥವಾ 1.5 ಆಂಪಿಯರ್, ಕೆಲವು ಮಾತ್ರ 9 ವೋಲ್ಟ್. ವೋಲ್ಟ್ ಹೊಂದದಿದ್ದರೆ ರೂಟರ್ ಸುಡಬಹುದು. 2000 ಎಂಎಎಚ್‌ನ ಮೂರು ಸೆಲ್ ಇರುವ ಯುಪಿಎಸ್‌ನಲ್ಲಿ ಸುಮಾರು 22 ವ್ಯಾಟ್-ಅವರ್ ಶಕ್ತಿ. 10 ವ್ಯಾಟಿನ ಪೆಟ್ಟಿಗೆಗೆ ಎರಡು ಗಂಟೆಯ ಹತ್ತಿರ ಬರುತ್ತದೆ, ಪೂರ್ತಿ ಪಂದ್ಯಕ್ಕೆ ಸಾಲದು, ಒಂದು ಕಡಿತಕ್ಕೆ ಸಾಕು. ಫೈಬರ್ ಪೆಟ್ಟಿಗೆ, ರೂಟರ್ ಎರಡೂ ಬೇರೆ ಬೇರೆ ಇದ್ದರೆ ಎರಡಕ್ಕೂ ಕರೆಂಟು ಬೇಕು. ಎಲ್ಲ ಇದ್ದೂ ಕರೆಂಟು ಹೋದ ಕೂಡಲೇ ನೆಟ್ ಹೋದರೆ, ಓಣಿಯ ಕಂಬದ ಪೆಟ್ಟಿಗೆಯಲ್ಲಿನ ಸ್ವಿಚ್‌ಗೆ ಬ್ಯಾಟರಿ ಇಲ್ಲವೆಂದು ಅರ್ಥ. ಅದಕ್ಕೆ ಮನೆಯೊಳಗೆ ಮದ್ದಿಲ್ಲ, ಆ ಹೊತ್ತಿಗೆ ಫೋನಿನ ಹಾಟ್‌ಸ್ಪಾಟ್ ಅಥವಾ ರೇಡಿಯೊ.

ದುಡ್ಡು ಕಟ್ಟುವಾಗ ಕಾರ್ಡ್ ತಿರಸ್ಕೃತವಾದರೆ ಕಾರಣ ಸಾಮಾನ್ಯವಾಗಿ ಒಂದೇ: ಹೊಸ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ಬಳಕೆ ತಾನಾಗಿ ಚಾಲೂ ಇರುವುದಿಲ್ಲ, 2020ರಿಂದ ರಿಸರ್ವ್ ಬ್ಯಾಂಕ್ ನಿಯಮ ಹಾಗಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ ತೆರೆದು ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟು ಮಾತ್ರ ಆನ್ ಮಾಡಿ, ಮಿತಿಯನ್ನು ಬೇಕಾದಷ್ಟಕ್ಕೇ ಇಡಿ. ಕಟ್ಟಿದ ಮೇಲೆ ಮತ್ತೆ ಆಫ್. ಡಾಲರಿನ ಬಿಲ್ಲಾದರೆ ಬ್ಯಾಂಕು ಮಾರ್ಕಪ್ ಹಾಕುತ್ತದೆ. 3.5 ಶೇಕಡಾ ಎಂದಿಟ್ಟುಕೊಂಡರೆ 1,000 ರೂಪಾಯಿಗೆ 35 ರೂಪಾಯಿ, ಆ 35ರ ಮೇಲೆ 18 ಶೇಕಡಾ ಜಿಎಸ್‌ಟಿ, ಒಟ್ಟು 41 ರೂಪಾಯಿ ಚಿಲ್ಲರೆ. ಹೊರದೇಶದ ಸೇವೆಗಳ ತಿಂಗಳ ನವೀಕರಣ ನಮ್ಮ ಕಾರ್ಡಿನಲ್ಲಿ ತಾನಾಗಿ ಆಗದೆ ಬಿದ್ದುಹೋಗುವುದು ಉಂಟು, ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕೆಂಬ ನಿಯಮದಿಂದ. ನವೀಕರಣದ ದಿನಾಂಕ ಶನಿವಾರಕ್ಕೆ ಬಿದ್ದರೆ ಶುಕ್ರವಾರವೇ ನೋಡಿಕೊಳ್ಳಿ.

ನವೆಂಬರ್ ಕೊನೆಯ ವಾರಕ್ಕೆ ಇದೆಲ್ಲ ಸಿದ್ಧವಿರಬೇಕು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಶನಿವಾರ ಮಿಷಿಗನ್–ಓಹಾಯೊ ಸ್ಟೇಟ್ ಪಂದ್ಯ, ವಾಡಿಕೆಯಂತೆ ಅವರ ಮಧ್ಯಾಹ್ನ 12ಕ್ಕೆ. ನಮ್ಮ ಗಡಿಯಾರದಲ್ಲಿ ರಾತ್ರಿ 10:30, ಮುಗಿಯುವಾಗ 2. ಇಡೀ ಸೀಸನ್ನಿನಲ್ಲಿ ನಿದ್ದೆ ಕೆಟ್ಟರೂ ಪರವಾಗಿಲ್ಲ ಎನ್ನಬಹುದಾದ ರಾತ್ರಿ ಇದು. ಡಿಸೆಂಬರ್‌ನಲ್ಲಿ ಸೇನಾ, ನೌಕಾ ಅಕಾಡೆಮಿಗಳ ನಡುವಿನ ಆರ್ಮಿ–ನೇವಿ ಪಂದ್ಯ, ಆಮೇಲೆ 2024ರಿಂದ 12 ತಂಡಗಳಿಗೆ ಹಿಗ್ಗಿದ ಪ್ಲೇಆಫ್. ಆ ಹೊಸ ಪದ್ಧತಿಯ ಮೊದಲ ಫೈನಲ್ 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನಡೆದು ಓಹಾಯೊ ಸ್ಟೇಟ್ ತಂಡ ನೋಟರ್ ಡೇಮ್ ವಿರುದ್ಧ 34–23ರಿಂದ ಗೆದ್ದಿತು. ಫೈನಲ್ ಅವರ ಸೋಮವಾರ ರಾತ್ರಿ 7:30ರ ಸುಮಾರಿಗೆ, ಅಂದರೆ ನಮಗೆ ಮಂಗಳವಾರ ಬೆಳಿಗ್ಗೆ 6. ಕೆಲಸಕ್ಕೆ ಹೊರಡುವವರಿಗೆ ಮೂರನೇ ಕ್ವಾರ್ಟರ್‌ವರೆಗೆ ಟಿವಿ, ಉಳಿದದ್ದಕ್ಕೆ ಕಿವಿಯಲ್ಲಿ ರೇಡಿಯೊ. ಅದೇ ದಿನ ಸಂಜೆ ಆ್ಯಪ್‌ನಲ್ಲಿ ಸಬ್‌ಸ್ಕ್ರಿಪ್ಷನ್ ರದ್ದು ಮಾಡಿ, ರದ್ದಾದ ಇಮೇಲ್ ಬಂದಿದೆಯೇ ನೋಡಿಕೊಂಡು ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಆಫ್ ಮಾಡಿ.